ಅಮ್ಮ ಕಂಡ ಸಾವಿರ ಹುಣ್ಣಿಮೆ

ಅಮ್ಮನಿಗೆ 80 ವರ್ಷ 8 ತಿಂಗಳು ತುಂಬಿದಾಗ ಸಹಸ್ರ ಚಂದ್ರ ದರ್ಶನ ಶಾಂತಿ ಮಾಡಿಸುವ ರೂಢಿ ಇದೆ. ಲೆಕ್ಕ ಹಾಕಿದರೆ ಆ ಹೊತ್ತಿಗೆ ಆಗಿರುವುದು 997 ಅಥವಾ 998 ಹುಣ್ಣಿಮೆ. 80 ವರ್ಷಕ್ಕೆ 960 ತಿಂಗಳು, ಅಧಿಕಮಾಸದ್ದು ಇನ್ನು 29 ಇಲ್ಲವೆ 30, ಮೇಲಿನ 8 ತಿಂಗಳಿಗೆ 8. ಸಾವಿರನೆಯದು ಬರುವುದು 9 ತಿಂಗಳು ಕಳೆದು, 10ರ ಆಸುಪಾಸಿನಲ್ಲಿ. ಪುರೋಹಿತರನ್ನು ಕೇಳಿ ಸ್ವಲ್ಪ ತಡೆದು, ಹುಣ್ಣಿಮೆಯ ದಿನವೇ ಇಟ್ಟುಕೊಳ್ಳುವುದು ಮೇಲು.

ಶಾಲೆಯ ದಾಖಲೆಯ ತಾರೀಖನ್ನು ನಂಬಬೇಡಿ. ಆ ತಲೆಮಾರಿನ ಎಷ್ಟೋ ಹೆಣ್ಣುಮಕ್ಕಳಿಗೆ ಅದು ಮೇಷ್ಟ್ರು ಅಂದಾಜಿಗೆ ಬರೆದದ್ದು. ಜಾತಕವಿಲ್ಲದಿದ್ದರೆ ಯಾವ ಸಂವತ್ಸರ, ಯಾವ ಹಬ್ಬದ ಹಿಂದುಮುಂದು ಎಂದು ಅಮ್ಮನನ್ನೇ ಕೇಳಿ. ಉದಾಹರಣೆಗೆ, ಪಾರ್ಥಿವ ಸಂವತ್ಸರ ಎಂದರೆ 1945ರ ಯುಗಾದಿಯಿಂದ 1946ರ ಯುಗಾದಿಯವರೆಗೆ. ಸಂವತ್ಸರ ಮರಳುವುದು 60 ವರ್ಷಕ್ಕೊಮ್ಮೆ, ಹಾಗಾಗಿ ವರ್ಷ ತಪ್ಪುವುದಿಲ್ಲ.

ಅಪ್ಪ ಇಲ್ಲವೆಂದು ಇದನ್ನು ಕೈಬಿಡುವವರಿದ್ದಾರೆ. ಬಿಡಬಾರದು. ಆಯುಸ್ಸು ಅಮ್ಮನದು, ಕಂಡ ಚಂದ್ರನೂ ಅವಳದೇ. ಮನೆಯಲ್ಲಿ ಯಾರೂ ಕೂಗದ ಅವಳ ಹೆಸರು ಅಂದು ಸಂಕಲ್ಪದಲ್ಲಿ ಗೋತ್ರ, ನಕ್ಷತ್ರ, ರಾಶಿ ಸಮೇತ ಕೇಳಿಬರುತ್ತದೆ.

ಚಂದ್ರನಿಗೆ ಅಕ್ಕಿಯ ಮೇಲೆ ಕಲಶ, ಬಿಳಿ ವಸ್ತ್ರ, ಬೆಳ್ಳಿಯ ಪ್ರತಿಮೆ, ಬಿಳಿ ಹೂ. ಹೋಮಕ್ಕೆ ಮುತ್ತುಗದ ಸಮಿತ್ತು. ಎಡವಟ್ಟಾಗುವುದು ಬೇರೆ ಕಡೆ. ಮುಚ್ಚಿದ ಕೋಣೆಯ ಹೊಗೆಗೆ ಎಂಬತ್ತರ ಜೀವ ಕೆಮ್ಮಿ ಸೋಲುತ್ತದೆ. ಕಿಟಕಿ ತೆರೆದು, ಗಾಳಿ ಬರುವ ಕಡೆ ಕೂರಿಸಿ. ಮಣೆಯ ಬದಲು ಬೆನ್ನಿಗೆ ಆಸರೆಯಿರುವ ಕುರ್ಚಿ ಇರಲಿ. ತಣ್ಣನೆಯ ಕಲಶೋದಕ ತಲೆಗೆ ಸುರಿಯದೆ ಮಾವಿನೆಲೆಯಲ್ಲಿ ಪ್ರೋಕ್ಷಣೆ ಮಾಡಿದರೆ ಸಾಕು. ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರನ್ನು ಉಪವಾಸ ಕೂರಿಸಲೇಬೇಡಿ.

ಉಪವಾಸವನ್ನು ಅವಳು ಆಗಲೇ ಸಾಕಷ್ಟು ಮಾಡಿದ್ದಾಳೆ. ಐವತ್ತು ವರ್ಷ ಸಂಕಷ್ಟಿ ಹಿಡಿದ ತಾಯಿ 600ಕ್ಕೂ ಹೆಚ್ಚು ರಾತ್ರಿ ಹಸಿದುಕೊಂಡು ಚಂದ್ರನಿಗೆ ಕಾದಿರುತ್ತಾಳೆ, ಒಂಬತ್ತು ಗಂಟೆಯಾದರೂ, ಮೋಡ ಕವಿದರೂ. ಮಕ್ಕಳಿಗೆ ಉಣಬಡಿಸಿ ಮತ್ತೆ ಅಂಗಳಕ್ಕೆ ಹೋಗಿ ಕತ್ತೆತ್ತಿ ನೋಡಿದ ಆ ರಾತ್ರಿಗಳೂ ಈ ಶಾಂತಿಯಲ್ಲಿ ಸೇರಿವೆ. ಯಾವ ಸಂಕಷ್ಟಕ್ಕೆಂದು ವ್ರತ ಹಿಡಿದಳೋ ಅಂದಾದರೂ ಕೇಳಿ.

ದೊಡ್ಡ ತಪ್ಪೊಂದಿದೆ: ಮಧ್ಯಾಹ್ನದ ಊಟ ಮುಗಿಸಿ ಎಲ್ಲರೂ ಹೊರಟುಬಿಡುತ್ತಾರೆ, ಹೆಸರಿನಲ್ಲೇ ಇರುವ ದರ್ಶನ ಆಗುವುದೇ ಇಲ್ಲ. ಹುಣ್ಣಿಮೆಯ ಚಂದ್ರ ಸೂರ್ಯ ಮುಳುಗುವ ಹೊತ್ತಿಗೇ ಮೂಡುತ್ತಾನೆ, ಮರ ಮನೆಗಳನ್ನು ದಾಟಿ ಮೇಲೆ ಬರಲು ಇನ್ನೊಂದು ಗಂಟೆ ಬೇಕು. ಅಮ್ಮನಿಗೆ ಶಾಲು ಹೊದಿಸಿ ಪೂರ್ವಕ್ಕೆ ಮುಖ ಮಾಡಿ ಕೂರಿಸಿ. ನೀರಿಗೆ ಹಾಲು, ಗಂಧ, ಅಕ್ಷತೆ, ಬಿಳಿ ಹೂ ಹಾಕಿ ಕೈಗೆ ಕೊಡಿ. ಕಣ್ಣು ಮಂಜಾಗಿದ್ದರೆ ಚಂದ್ರನಿರುವ ದಿಕ್ಕು ಹೇಳಿ, ಕೈ ಹಿಡಿದು ಅರ್ಘ್ಯ ಬಿಡಿಸಿ. ಮಕ್ಕಳ ನಮಸ್ಕಾರ ಅದಾದ ಮೇಲೆ.