ಆಕ್ಸಲ್ ಲೆಕ್ಕ

ಇವತ್ತು ಅಮೆರಿಕದ ನ್ಯೂ ಇಂಗ್ಲೆಂಡ್ ಭಾಗದ ರೈಲು ಕಂಪನಿ ಪ್ಯಾನ್ ಆಮ್ ರೈಲ್ವೇಸ್‌ನ ಆಫೀಸ್ ಕಾರ್ ರೈಲಿನ (ಕಂಪನಿ ಅಧಿಕಾರಿಗಳು ಓಡಾಡುವ ವಿಶೇಷ ರೈಲು) ಹಳೇ ವಿಡಿಯೊ ಕಣ್ಣಿಗೆ ಬಿತ್ತು. 2022ರಲ್ಲಿ ದೊಡ್ಡ ರೈಲು ಕಂಪನಿ ಸಿಎಸ್‌ಎಕ್ಸ್ ಆ ಕಂಪನಿಯನ್ನು ಕೊಳ್ಳುವ ಮುಂಚಿನದು. ಮುಂದೆ ಕಡುನೀಲಿ ಎಫ್‌ಪಿ9 ಎಂಜಿನ್ ಜೋಡಿ. ಎಷ್ಟು ಚೆಂದ!

ಅಧಿಕಾರಿಗಳ ರೈಲಿಗೆ ವೇಳಾಪಟ್ಟಿ ಎಲ್ಲಿಂದ ಬರಬೇಕು? ನ್ಯೂ ಇಂಗ್ಲೆಂಡಿನ ರೈಲುಪ್ರಿಯರು ಕಿವಿಯಿಂದಲೇ ಹುಡುಕಬೇಕಿತ್ತು.

ರೈಲ್ವೆ ಮಾತುಕತೆ ಕೇಳಿಸುವ ರೇಡಿಯೊ ಸ್ಕ್ಯಾನರನ್ನು 160–161 ಮೆಗಾಹರ್ಟ್ಸ್ ಕಡೆ ತಿರುಗಿಸಿಟ್ಟು, ಹಳಿ ಪಕ್ಕದ ಡಿಟೆಕ್ಟರ್ ಯಂತ್ರ ರೇಡಿಯೊದಲ್ಲಿ ಮಾತಾಡೋದನ್ನೇ ಕಾಯೋದು. ಗಾಲಿಯ ಬೇರಿಂಗ್ ಬಿಸಿಯಾಗಿದೆಯಾ ಅಂತ ನೋಡುವ ಆ ಯಂತ್ರ ಸಾಮಾನ್ಯವಾಗಿ ದಾಟಿದ ರೈಲಿಗೆ ಆಕ್ಸಲ್ (ಗಾಲಿಜೋಡಿಯ ಅಚ್ಚು) ಎಷ್ಟು ಅಂತಲೂ ಹೇಳುತ್ತೆ. ಉದ್ದದ ಗೂಡ್ಸ್ ಆದರೆ ಮುನ್ನೂರು ದಾಟುತ್ತೆ. ಅಧಿಕಾರಿಗಳ ರೈಲಾದರೆ ಎರಡು ಎಂಜಿನ್, ನಾಲ್ಕು ಬೋಗಿ, ಒಂದೊಂದಕ್ಕೆ ನಾಲ್ಕು ಅಂದರೆ ಬರೀ 24!

ಬರೀ ಎಂಜಿನ್‌ಗಳು ಹೋದರೂ ಸಂಖ್ಯೆ ಚಿಕ್ಕದೇ. ಅದಕ್ಕೇ ರೈಲು ಓಡಾಟ ನಿಯಂತ್ರಿಸುವ ಡಿಸ್ಪ್ಯಾಚರ್ ಕರೆಯುವ ಎಂಜಿನ್ ನಂಬರೂ ಕಿವಿಗೆ ಬೀಳಬೇಕು. ತಗ್ಗಿನಲ್ಲಿ ನಿಂತರೆ ಏನೂ ಕೇಳಲ್ಲ, ದಿಬ್ಬ ಹತ್ತಿ.