ಹೊಳೆಯಿಲ್ಲದ ಕಮರಿ

ಪ್ಯಾರಿಸ್ಸಿನ ಗಾರ್ ದ ಲಿಯೋಂ ನಿಲ್ದಾಣದಿಂದ ಫಾಂಟನ್‌ಬ್ಲೋಗೆ ರೈಲಿನಲ್ಲಿ ಸುಮಾರು 40 ನಿಮಿಷ. ಬಾರ್ಬಿಜೋಂ ಊರು ಅಲ್ಲಿಂದ ಇನ್ನೂ ಹತ್ತು ಕಿ.ಮೀ. ಆಚೆ. ವಾಪಸಿನ ಬಸ್ಸು ಯಾವಾಗ ಎಂದು ಮೊದಲೇ ನೋಡಿಕೊಳ್ಳದಿದ್ದರೆ ಸಂಜೆ ಟ್ಯಾಕ್ಸಿಗೆ ಜೇಬು ಖಾಲಿ. ಊರಿನ ದೊಡ್ಡ ಬೀದಿಯ ಗ್ಯಾಲರಿಗಳಲ್ಲಿ ಹೊತ್ತು ಕಳೆಯುವುದು ದಂಡ. ನೇರ ಕಾಡಿಗೆ ನಡೆಯಬೇಕು. ಕಾಡಂಚಿನ ಬಂಡೆಯಲ್ಲಿ ಚಿತ್ರಕಾರ ಮಿಲೆ ಮತ್ತು ರೂಸೋ (ತತ್ತ್ವಜ್ಞಾನಿಯಲ್ಲ, ಚಿತ್ರಕಾರ ತಿಯೋಡೋರ್ ರೂಸೋ) ಇಬ್ಬರ ಕಂಚಿನ ಮುಖಗಳಿವೆ. ಹಳೆಯ ಓಕ್ ಮರಗಳನ್ನು ದಾಟಿದರೆ ಅಪ್ರೆಮೋಂ ಕಮರಿ.

ಕಮರಿಯೆಂದರೆ ತಳದಲ್ಲೊಂದು ಹೊಳೆ ಇದ್ದೇ ಇರುತ್ತದೆ ಅಂದುಕೊಂಡು ಬಂದವರಿಗೆ ಇಲ್ಲಿ ಮರಳು ಸಿಗುತ್ತದೆ. ಸುಮಾರು ಮೂರು ಕೋಟಿ ವರ್ಷಗಳ ಹಿಂದೆ ಸಮುದ್ರ ಬಿಟ್ಟುಹೋದ ಮರಳು. ಅದರ ಮೇಲ್ಪದರ ಗಟ್ಟಿಯಾಗಿ ಕಲ್ಲಾಯಿತು, ಕೆಳಗಿನದು ಸಡಿಲವಾಗಿ ಉಳಿದು ಕೊಚ್ಚಿಹೋಯಿತು. ಆಸರೆ ತಪ್ಪಿದ ಹಾಸುಗಲ್ಲು ಮುರಿದು ಇಳಿಜಾರಿಗೆ ಉರುಳಿತು. ಹೊಳೆಯಿಲ್ಲವಾದ್ದರಿಂದ ಕುಡಿಯುವ ನೀರನ್ನು ಹೊತ್ತೇ ಬರಬೇಕು. ಮಳೆ ಬಂದ ಮರುದಿನ ಬಂಡೆ ಹತ್ತಬಾರದು: ನೆನೆದ ಮರಳುಗಲ್ಲು ಜಾರುವುದಷ್ಟೇ ಅಲ್ಲ, ಹಿಡಿದ ಅಂಚೇ ಕಿತ್ತು ಬರುತ್ತದೆ.

ಇದೇ ಕಾಡಿನ ಬಂಡೆಗಳ ನಡುವಿನ ಓಕ್ ಮರಗಳನ್ನು ರೂಸೋ 1861ರಲ್ಲಿ ಎಚಿಂಗ್ (ತಗಡಿನಲ್ಲಿ ಆಸಿಡ್ಡಿನಿಂದ ಗೆರೆ ಕೊರೆದು ಅಚ್ಚು ತೆಗೆಯುವ ಚಿತ್ರ) ಮಾಡಿದ. ಕಾಡಿನ 1,097 ಹೆಕ್ಟೇರನ್ನು ಕಲೆಗಾಗಿ ಕಾದಿರಿಸುವ ಆಜ್ಞೆ ಹೊರಟದ್ದೂ ಅದೇ ವರ್ಷ. ಎಚಿಂಗಿನಲ್ಲಿ ಕಾಣುವ ಕಗ್ಗತ್ತಲು ಇಲ್ಲಿಲ್ಲ. ಬಂಡೆಗಳು ತಿಳಿಬೂದು, ಮರಳಂತೂ ಬಿಳಿ. ಆ ಕತ್ತಲು ಆಸಿಡ್ಡಿನದು. ತಾಮ್ರದ ತಗಡಿಗೆ ಮೇಣದ ಲೇಪ ಕೊಟ್ಟು, ಸೂಜಿಯಿಂದ ಗೀರಿ, ಆಸಿಡ್ಡಿಗೆ ಇಳಿಸುತ್ತಾರೆ. ಆಕಾಶದ ಗೆರೆಗಳು ತುಸು ಕೊರೆದ ಕೂಡಲೇ ತಗಡು ಎತ್ತಿ, ಅಷ್ಟಕ್ಕೆ ವಾರ್ನಿಶ್ ಬಳಿದು ಮತ್ತೆ ಇಳಿಸಬೇಕು. ಮುಂಭಾಗದ ಬಂಡೆಗಳ ಸರದಿ ಕೊನೆಗೆ: ಹೆಚ್ಚು ಹೊತ್ತು ಕೊರೆದ ಗೆರೆ ಆಳವಾಗಿ, ಹೆಚ್ಚು ಮಸಿ ಹಿಡಿದು ಕಪ್ಪಾಗಿ ಅಚ್ಚಾಗುತ್ತದೆ. ಗೆರೆಯ ಮೇಲೆ ಕೂರುವ ಗುಳ್ಳೆಗಳನ್ನು ಹಕ್ಕಿಗರಿಯಿಂದ ಸವರದಿದ್ದರೆ ಗೆರೆ ತುಂಡುತುಂಡಾಗುತ್ತದೆ. ಕಪ್ಪು ಸಾಲದೆಂದು ತೀರಾ ಒತ್ತಾಗಿ ಗೀರಿದರೆ ನಡುವಿನ ಮೇಣ ಉದುರಿ ಅಗಲವಾದ ಹಳ್ಳ ಬೀಳುತ್ತದೆ. ಅದರಲ್ಲಿ ಮಸಿ ನಿಲ್ಲುವುದಿಲ್ಲ. ಒರೆಸುವ ಬಟ್ಟೆಗೇ ಹೋಗುತ್ತದೆ. ಕಡುಗಪ್ಪಾಗಬೇಕಿದ್ದ ಗುಹೆಯ ಬಾಯಿ ಬೂದಿಬಣ್ಣದ ಕಲೆಯಾಗಿ ಅಚ್ಚಾಗುತ್ತದೆ.

ಇಂಥ ಅಚ್ಚಿನ ಪ್ರತಿ ಹಿಡಿದು ಬಂಡೆ ಹುಡುಕುವವರು ಮೊದಲು ಫೋನಿನಲ್ಲಿ ಚಿತ್ರವನ್ನು ಎಡಬಲ ತಿರುಗಿಸಿಕೊಳ್ಳಬೇಕು. ತಗಡನ್ನು ಕಾಗದಕ್ಕೆ ಒತ್ತಿದಾಗ ಎಡಬಲ ಅದಲುಬದಲಾಗುವುದರಿಂದ, ಕನ್ನಡಿಯಲ್ಲಿ ನೋಡಿ ಗೀರಿದ್ದಲ್ಲದಿದ್ದರೆ ಅಚ್ಚಿನಲ್ಲಿ ಜಾಗ ಉಲ್ಟಾ ಆಗಿರುತ್ತದೆ. ಸಹಿ ನೆಟ್ಟಗಿದೆಯೆಂದು ನಂಬುವಂತಿಲ್ಲ, ಸಹಿಯೊಂದನ್ನೇ ತಿರುಗಿಸಿ ಬರೆದವರು ಬೇಕಾದಷ್ಟು ಜನ. ನೆರಳೂ ಮಗುಚಿರುತ್ತದೆ: ಬೆಳಗಿನ ಬಿಸಿಲಲ್ಲಿ ಗೀರಿದ ಬಂಡೆ ಕಾಗದದ ಮೇಲೆ ಸಂಜೆಯದಾಗಿ ಕಾಣುತ್ತದೆ.