ಹಿನ್ನೀರಿಗೆ ಎಂಥಾ ತಳದ ಬೋಟು?

ಲಿಂಗನಮಕ್ಕಿ ಹಿನ್ನೀರಿಗೆ ಬೋಟು ತರುವವರು ಮೊದಲು ಕೇಳುವುದು ಇಂಜಿನ್ ಎಷ್ಟು ಹೆಚ್‌ಪಿ ಅಂತ. ನೋಡಬೇಕಾದ್ದು ತಳ. ತಳದ ಬದಿಗಳ ಇಳಿಜಾರು (ಅಡ್ಡ ಮಟ್ಟದಿಂದ ಅಳೆದ ಕೋನ) ಹಿಂಬದಿಯಲ್ಲಿ 20 ಡಿಗ್ರಿ ದಾಟಿದ ಆಳವಾದ ‘ವಿ’ ತಳ ಕಡಲಿನ ಅಲೆ ಸೀಳಲಿಕ್ಕೆ ಸರಿ. ಆದರೆ ನಿಂತಲ್ಲಿ ಓಲಾಡುತ್ತದೆ, ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ. ಇಲ್ಲಿಗೆ 10–14 ಡಿಗ್ರಿ ಸಾಕು.

ಓಡುವಾಗ ಮೂತಿ ಕುಪ್ಪಳಿಸಿದರೆ ಇಂಜಿನ್ನಿಗೆ ಬೈಯುವ ಮೊದಲು ಟ್ರಿಮ್ (ಇಂಜಿನ್ನಿನ ಓರೆ) ಒಳಗೆಳೆಯಿರಿ, ಹಿಂದಿನ ಭಾರ ಮುಂದೆ ಸರಿಸಿ. ನಿಲ್ಲಲಿಲ್ಲವೇ? ತಳದ ಹಿಂದಿನ ಐದಡಿಗೆ ಉದ್ದಕ್ಕೆ ನೇರಪಟ್ಟಿ ಹಿಡಿಯಿರಿ. ತುದಿಗಳಲ್ಲಿ ಸಂದು ಕಂಡರೆ ತಳ ಉಬ್ಬಿದೆ, ಕುಪ್ಪಳಿಕೆ ಅದರದ್ದೇ. ನಡುವೆ ಸಂದಿದ್ದರೆ ತಗ್ಗಿದೆ: ಮೂತಿ ಬಗ್ಗುತ್ತದೆ, ವೇಗ ಬೀಳುತ್ತದೆ. ಬೋಟು ಹೊರುವ ಟ್ರೈಲರಿನ ಆಧಾರ ತಳದ ಹಿಂತುದಿ ಮುಟ್ಟದಿದ್ದರೆ ಆಗುವ ಗತಿ ಇದು.

ಬ್ರ್ಯಾಂಡ್ ನಿಷ್ಠೆಯೂ ತಳದಿಂದಲೇ ಹುಟ್ಟುವಂಥದ್ದು. 1958ರಲ್ಲಿ ಬಂದ ಅಮೆರಿಕದ ಬೋಟು ಬಾಸ್ಟನ್ ವೇಲರ್ ತನ್ನ ಒಡಲಿನ ಎರಡು ಪದರಗಳ ನಡುವೆ ಫೋಮ್ ತುಂಬಿತು. ಗರಗಸದಿಂದ ಎರಡು ತುಂಡು ಮಾಡಿದರೂ ತೇಲಿತು. ಇಂಜಿನ್ ಬದಲಿಸಿಯಾರು, ಅಂಥ ತಳ ಬಿಡುವವರು ಕಮ್ಮಿ.